ಇನ್ನೊಂದು ವಾರ ನೋಡೋಣ

"ನಿಮ್ಮ ನಾಯಿ ಆಗಿದ್ರೆ ಏನ್ ಮಾಡ್ತಿದ್ರಿ ಡಾಕ್ಟ್ರೇ?"

ನಾಯಿ ಬೆಕ್ಕುಗಳ ಕ್ಲಿನಿಕ್ ನಡೆಸುವ ವೈದ್ಯರಿಗೆ ಈ ಪ್ರಶ್ನೆ ಹೊಸದಲ್ಲ. ಮೇಜಿನ ಮೇಲೆ ರಿಪೋರ್ಟ್ ಇರುತ್ತದೆ. ಗುಲ್ಮದಲ್ಲಿ ಗಡ್ಡೆ, ಇಲ್ಲವೇ ಮುಂಗಾಲಿನ ಮೂಳೆಯಲ್ಲಿ ಕ್ಯಾನ್ಸರ್, ಇಲ್ಲವೇ ಎರಡೂ ಕಿಡ್ನಿ ಕೈಕೊಟ್ಟಿವೆ. ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಡಾಕ್ಟರ ಮುಖ ನೋಡುತ್ತಾಳೆ, ಡಾಕ್ಟರು ಕಂಪ್ಯೂಟರಿನ ಪರದೆ ನೋಡುತ್ತಾರೆ. ಹೇಳಬೇಕಾದ ಮಾತು ಮೂವರಿಗೂ ಗೊತ್ತು. ಯಾರು ಮೊದಲು ಬಾಯಿ ಬಿಡಬೇಕು ಎಂಬುದಷ್ಟೇ ಬಾಕಿ. ಕೊನೆಗೆ ಯಾರೋ ಒಬ್ಬರು "ಇನ್ನೊಂದು ವಾರ ನೋಡೋಣ" ಅನ್ನುತ್ತಾರೆ. ಎಲ್ಲರಿಗೂ ಹೋದ ಜೀವ ಬಂದಂತಾಗುತ್ತದೆ, ಮೇಜಿನ ಕೆಳಗೆ ಏದುಸಿರು ಬಿಡುತ್ತಾ ಮಲಗಿದ ನಾಯಿಯೊಂದನ್ನು ಬಿಟ್ಟು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಈ ತೀರ್ಮಾನ ಅವಸರದಿಂದ ಕೆಡುವುದು ಕಡಿಮೆ, ತಡವಾಗಿ ಕೆಡುವುದೇ ಹೆಚ್ಚು. ಪ್ರೀತಿಯಿಂದಲೇ ತಡವಾಯಿತು ಎಂದು ಹೇಳಿಕೊಳ್ಳುತ್ತೇವೆ. ಪ್ರೀತಿ ಇರುತ್ತದೆ, ಸುಳ್ಳಲ್ಲ. ಅದರ ಬೆನ್ನಿಗೇ ಪಾಪದ ಭಯ ಇರುತ್ತದೆ, ನೆಂಟರ ಬಾಯಿಗೆ ಹೆದರುವುದು ಇರುತ್ತದೆ, ಕಷ್ಟದ ತೀರ್ಮಾನವನ್ನು ದೇವರ ತಲೆಗೆ ಕಟ್ಟಿ ಸುಮ್ಮನಿರುವ ಹಳೆಯ ಚಾಳಿಯೂ ಇರುತ್ತದೆ. "ರಾತ್ರಿ ನಿದ್ದೇಲೇ ಹೋಗಿಬಿಟ್ರೆ ಸಾಕಪ್ಪ" ಎಂದು ಹರಕೆ ಹೊರದ ಮನೆ ಇಲ್ಲ. ಹಾಗೆ ನಿದ್ದೆಯಲ್ಲೇ ಹೋಗುವ ನಾಯಿಗಳೂ ಇಲ್ಲದಿಲ್ಲ. ಆದರೆ ಕ್ಯಾನ್ಸರ್, ಕಿಡ್ನಿ, ಹೃದಯದ ಕಾಯಿಲೆಗಳು ಅಷ್ಟು ಉದಾರಿಗಳಲ್ಲ. ಕಿಡ್ನಿ ಕೆಟ್ಟ ನಾಯಿಗೆ ಬಾಯಲ್ಲಿ ಹುಣ್ಣು, ನಿಲ್ಲದ ವಾಂತಿ. ಹೃದಯ ಸೋತ ನಾಯಿಗೆ ಶ್ವಾಸಕೋಶದಲ್ಲಿ ನೀರು ತುಂಬಿ, ಮಲಗಿದರೆ ಉಸಿರು ಸಿಕ್ಕದೆ ರಾತ್ರಿಯಿಡೀ ಕೂತೇ ಕಳೆಯುವ ಪಾಡು. ಸಹಜ ಸಾವು ಎಂದು ನಾವು ಕರೆಯುವುದು ಎಷ್ಟೋ ಸಲ ಇದನ್ನೇ.

ಮನೆಯಲ್ಲಿ ಹಿರಿಯರಿದ್ದರೆ ಇನ್ನೊಂದು ಮಾತು ಬರುತ್ತದೆ. "ಅದರ ಋಣ ಇರೋ ತನಕ ಇರ್ಲಿ ಬಿಡಪ್ಪಾ, ಜೀವ ತೆಗೆಯೋಕೆ ನಾವ್ಯಾರು?" ಇದನ್ನು ಅಜ್ಜಿಯ ಅಡ್ಡಮಾತು ಎಂದು ತಳ್ಳಿಹಾಕುವಂತಿಲ್ಲ. ನಮ್ಮ ನೆಲದಲ್ಲಿ ನಾಯಿ ಕಾಲಭೈರವನ ವಾಹನ. ದತ್ತಾತ್ರೇಯನ ಪಟದಲ್ಲಿ ಕಾಲ ಬಳಿ ನಾಲ್ಕು ನಾಯಿಗಳು. ಮೈಲಾರಲಿಂಗನ ಗೊರವರು ದೇವರ ನಾಯಿಗಳೇ ಆಗಿ ಬೊಗಳುತ್ತಾ ದೋಣಿಯಲ್ಲಿಟ್ಟ ಪ್ರಸಾದ ತಿನ್ನುತ್ತಾರೆ. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗೇ ಒಂದು ಗುಡಿಯಿದೆ. ಮಹಾಭಾರತದ ಕೊನೆಯಲ್ಲಿ ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲೇ ಬಿದ್ದುಹೋದ ಮೇಲೆ ಧರ್ಮರಾಯನ ಜೊತೆ ಉಳಿದದ್ದು ಒಂದು ನಾಯಿ. ಅದನ್ನು ಬಿಟ್ಟು ರಥ ಹತ್ತು ಎಂದು ಇಂದ್ರ ಹೇಳಿದಾಗ ಅವನು ಹತ್ತಲಿಲ್ಲ.

ಆ ಕಥೆ ಕೇಳಿ ಬೆಳೆದ ನಾವೇ ಮುದಿಯಾದ ನಾಯಿಯನ್ನು ದೂರದ ಸಂತೆಯಲ್ಲೋ, ಹೆದ್ದಾರಿಯ ಢಾಬಾದ ಬಳಿಯೋ ಇಳಿಸಿ ಬರುತ್ತೇವೆ. ಬೆಂಗಳೂರಿನ ಪ್ರಾಣಿ ಆಶ್ರಯಗಳಿಗೆ ಸೇರುವ ನಾಯಿಗಳಲ್ಲಿ ಕೊರಳಪಟ್ಟಿ ಬಿಚ್ಚಿ ಬಿಟ್ಟುಹೋದ ಜಾತಿನಾಯಿಗಳಿರುತ್ತವೆ: ಹೊಟ್ಟೆಯಲ್ಲಿ ಗಡ್ಡೆ ತೂಗುವ ಲ್ಯಾಬ್ರಡಾರ್, ಹಿಂಗಾಲು ಎಳೆಯುವ ಜರ್ಮನ್ ಶೆಫರ್ಡ್. ಬಿಟ್ಟುಹೋದವರ ಲೆಕ್ಕದಲ್ಲಿ ಅವರು ಯಾರನ್ನೂ ಕೊಂದಿಲ್ಲ. ಇಂಜೆಕ್ಷನ್ ಕೊಡಿಸಿದವರು ಮಾತ್ರ ಕೊಂದವರು. ಈ ಲೆಕ್ಕ ನನಗೆ ಎಂದೂ ತಲೆಗೆ ಹತ್ತಿಲ್ಲ.

ಸಾಬರಮತಿಯ ಕರು

ಈ ಜಗಳವನ್ನು ನಮ್ಮ ದೇಶ ಒಮ್ಮೆ ಬಹಿರಂಗವಾಗಿಯೇ ಆಡಿದೆ. ಅದು 1928. ಸಾಬರಮತಿ ಆಶ್ರಮದ ಒಂದು ಕರು ಕಾಯಿಲೆ ಬಿದ್ದಿತ್ತು. ಆರೈಕೆ, ಔಷಧ ಎಲ್ಲ ಆದವು. ನೋಡಲು ಬಂದ ವೈದ್ಯರು ಇನ್ನು ಕೈಲಾಗದು ಎಂದರು. ಮಗ್ಗುಲು ಬದಲಿಸಿದರೂ ತಡೆಯಲಾಗದ ನೋವು. ಗಾಂಧೀಜಿ ಆಶ್ರಮದವರ ಜೊತೆ ಮಾತಾಡಿದರು. ಜೀವ ಕೊಡಲಾರದವನಿಗೆ ಜೀವ ತೆಗೆಯುವ ಹಕ್ಕಿಲ್ಲ ಎಂಬ ಅದೇ ವಾದ ಅಲ್ಲೂ ಬಂತು. ಸ್ವಾರ್ಥಕ್ಕಾಗಿ ಜೀವ ತೆಗೆಯುವಾಗ ಆ ವಾದ ಸರಿ, ಇಲ್ಲಿ ಅದು ಹೊಂದುವುದಿಲ್ಲ ಎಂಬುದು ಗಾಂಧೀಜಿಯ ನಿಲುವು. ವೈದ್ಯರನ್ನು ಕರೆಸಿ, ತಾವೂ ಜೊತೆಗಿದ್ದು, ಇಂಜೆಕ್ಷನ್ ಕೊಡಿಸಿದರು. ಎರಡು ನಿಮಿಷದೊಳಗೆ ಎಲ್ಲ ಮುಗಿಯಿತು.

ಅವರು ಅದನ್ನು ಮುಚ್ಚಿಡಲಿಲ್ಲ. 'ನವಜೀವನ'ದಲ್ಲೂ 'ಯಂಗ್ ಇಂಡಿಯಾ'ದಲ್ಲೂ ಬರೆದರು. ಅಹಿಂಸೆಯ ಮನುಷ್ಯ, ಅದೂ ಗೋವನ್ನು, ಅದೂ ಗುಜರಾತಿನಲ್ಲಿ! ಬೈಗುಳದ ಕಾಗದಗಳು ರಾಶಿ ಬಿದ್ದವು. ಜೈನರ ಸಿಟ್ಟಂತೂ ಹೇಳತೀರದು. ಗಾಂಧೀಜಿ ವಾರಗಟ್ಟಲೆ ಉತ್ತರ ಬರೆಯುತ್ತಲೇ ಹೋದರು. ತನ್ನ ಮಗುವೇ ಆಗಿದ್ದು, ಬೇರೆ ದಾರಿಯೇ ಇಲ್ಲದಿದ್ದರೆ ಹೀಗೆಯೇ ಮಾಡುತ್ತಿದ್ದೆ ಎಂಬಲ್ಲಿಯವರೆಗೂ ಹೋದರು. ನನಗೆ ಆ ಬರಹದಲ್ಲಿ ಹಿಡಿಸುವುದು ಅವರ ತೀರ್ಮಾನಕ್ಕಿಂತ ಅವರು ಇಟ್ಟುಕೊಂಡ ಕಟ್ಟುಪಾಡು. ಮೊದಲು ಚಿಕಿತ್ಸೆ, ಆಮೇಲೆ ಬಲ್ಲವರ ಮಾತು, ಆಮೇಲೆ ಮನೆಯವರೊಂದಿಗೆ ಚರ್ಚೆ, ಕೊನೆಗೆ ಅದರ ಪಕ್ಕದಲ್ಲಿ ತಾನೇ ನಿಲ್ಲುವುದು. ಅದೇ ಲೇಖನದಲ್ಲಿ ಬೆಳೆ ಹಾಳುಮಾಡುವ ಮಂಗಗಳ ವಿಷಯ ಬಂದಾಗ ಅವರು ಇಷ್ಟು ಸಲೀಸಾಗಿ ಕೈಯೆತ್ತಲಿಲ್ಲ. ಅಲ್ಲಿ ಲಾಭ ಮನುಷ್ಯನದು, ಇಲ್ಲಿ ಕರುವಿನದು.

ಯಾರ ಲಾಭಕ್ಕೆ ಎಂಬ ಈ ಪ್ರಶ್ನೆಯನ್ನು ಇವತ್ತಿನ ವೈದ್ಯರೂ ಕೇಳಿಕೊಳ್ಳಬೇಕಾಗುತ್ತದೆ. ದುಬೈಗೆ ವರ್ಗವಾಗಿದೆ, ಹೊಸ ಅಪಾರ್ಟ್‌ಮೆಂಟಿನವರು ನಾಯಿ ಬೇಡ ಅನ್ನುತ್ತಾರೆ, "ವಯಸ್ಸೂ ಆಯ್ತು ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಟ್ಬಿಡಿ" ಎಂದು ಕೇಳುವವರಿದ್ದಾರೆ. ಅಂಥವರನ್ನು ಆತ್ಮಸಾಕ್ಷಿಯುಳ್ಳ ವೈದ್ಯರು ಬರಿಗೈಯಲ್ಲಿ ಕಳಿಸುತ್ತಾರೆ. ವಯಸ್ಸು ಕಾಯಿಲೆಯಲ್ಲ.

ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 13ನೇ ಕಲಮು, ಹಿಂಸೆಗೊಳಗಾದ ಪ್ರಾಣಿಯನ್ನು ಬದುಕಿಸಿ ಇಡುವುದೇ ಕ್ರೌರ್ಯ ಎಂದು ಕಂಡಾಗ ಅದರ ಜೀವ ಕೊನೆಗೊಳಿಸಲು ಆದೇಶಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೂ ಹಿರಿಯ ಪೊಲೀಸ್ ಅಧಿಕಾರಿಗಳಿಗೂ ಕೊಟ್ಟಿದೆ. ಬೀದಿನಾಯಿಗಳ ವಿಷಯದಲ್ಲಿ 2001ರ ನಿಯಮಗಳೂ ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳೂ, ವಾಸಿಯಾಗದ ಕಾಯಿಲೆ ಅಥವಾ ಮಾರಣಾಂತಿಕ ಗಾಯವಿದ್ದರೆ ಅರ್ಹ ಪಶುವೈದ್ಯರ ಕೈಯಿಂದ, ನೋವಿಲ್ಲದಂತೆ ದಯಾಮರಣ ಕೊಡಬಹುದು ಅನ್ನುತ್ತವೆ. ಇನ್ನೊಂದು ನಾಯಿಯ ಕಣ್ಣೆದುರು ಕೊಡಕೂಡದು ಎಂಬ ಮಾತೂ ಆ ನಿಯಮದಲ್ಲಿದೆ. ಸರ್ಕಾರಿ ಭಾಷೆಯಲ್ಲಿ ಇಂಥ ಸಾಲು ಸಿಕ್ಕುವುದು ಅಪರೂಪ.

ನಾಯಿ ಹೇಳುವುದನ್ನು ಓದುವುದು

ನಾಯಿ ನೋವನ್ನು ಬಚ್ಚಿಡುತ್ತದೆ. ಕುಂಯ್‌ಗುಟ್ಟಿದರೆ ಮಾತ್ರ ನೋವು ಎಂದುಕೊಂಡಿದ್ದರೆ ನಾವು ಹೆಚ್ಚಿನದನ್ನು ಕಾಣುವುದೇ ಇಲ್ಲ. ನಡುರಾತ್ರಿ ಎದ್ದು ಒಂದು ಕೋಣೆಯಿಂದ ಇನ್ನೊಂದಕ್ಕೆ ಸುಮ್ಮನೆ ಅಲೆಯುವುದು, ಸೆಖೆಯಿಲ್ಲದಿದ್ದರೂ ನಾಲಿಗೆ ಚಾಚಿ ಏದುಸಿರು ಬಿಡುವುದು, ಮಲಗಲು ನಾಲ್ಕಾರು ಸುತ್ತು ಸುತ್ತಿ ಕೊನೆಗೆ ಮಲಗದೇ ನಿಲ್ಲುವುದು, ದಿನಾ ಹತ್ತುತ್ತಿದ್ದ ಮೂರು ಮೆಟ್ಟಿಲ ಮುಂದೆ ನಿಂತು ಬೇರೆಲ್ಲೋ ನೋಡುವುದು, ಒಂದೇ ಜಾಗವನ್ನು ನೆಕ್ಕುತ್ತಲೇ ಇರುವುದು, ಮುಟ್ಟಲು ಹೋದ ಮನೆಯ ಮಗುವಿನ ಮೇಲೆ ಎಂದೂ ಇಲ್ಲದೆ ಗುರ್ರೆನ್ನುವುದು. ಇವನ್ನು ನಾವು "ವಯಸ್ಸಾಯ್ತು, ಸಿಡುಕು ಜಾಸ್ತಿ" ಎಂದು ಬದಿಗಿಡುತ್ತೇವೆ. ಎಷ್ಟೋ ಸಲ ಅದು ಬರೀ ನೋವು. ಮೆಲಾಕ್ಸಿಕ್ಯಾಮ್, ಗ್ಯಾಬಪೆಂಟಿನ್‌ನಂಥ ಔಷಧಗಳನ್ನು ವೈದ್ಯರು ತೂಕಕ್ಕೆ ತಕ್ಕ ಹಾಗೆ ಕೊಟ್ಟಾಗ ಅದೇ ನಾಯಿ ಎರಡು ದಿನದಲ್ಲಿ ಗೇಟಿನ ತನಕ ಬಂದು ಹಾಲಿನವನಿಗೆ ಬೊಗಳಿದ್ದೂ ಉಂಟು. ಹಾಗಾಗಿ ಕೊನೆಯ ಮಾತಿಗೆ ಮುಂಚೆ ನೋವಿಗೆ ಸರಿಯಾದ ಚಿಕಿತ್ಸೆ ಸಿಕ್ಕಿದೆಯೇ ಎಂದು ಕೇಳಲೇಬೇಕು. ಮನೆಯ ಔಷಧಿ ಡಬ್ಬಿಯಿಂದ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ತೆಗೆದು ಕೊಡುವ ಸಾಹಸ ಮಾತ್ರ ಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಯನ್ನೂ ಕೆಡಿಸುತ್ತದೆ.

ಇನ್ನೊಂದು ಮೋಸ ಊಟದ್ದು. "ಇನ್ನೂ ತಿಂತಾ ಇದೆಯಲ್ಲ" ಎಂಬುದು ತೀರ್ಮಾನ ಮುಂದೂಡಲು ನಮಗೆ ಸಿಗುವ ಅತ್ಯಂತ ಬಲವಾದ ನೆಪ. ಲ್ಯಾಬ್ರಡಾರ್ ಸಾಕಿದವರಿಗೆ ಗೊತ್ತು, ಅದು ಕೊನೆಯ ದಿನವೂ ಬಿಸ್ಕತ್ತಿಗೆ ಬಾಯಿ ತೆರೆಯುತ್ತದೆ. ಸ್ಟೆರಾಯ್ಡ್ ಕೊಡುತ್ತಿದ್ದರಂತೂ ಹಸಿವು ಔಷಧದ ಕೊಡುಗೆ. ಬಾಲ ಆಡಿಸುವುದೂ ಹಾಗೆಯೇ. ಮನೆಯವರ ದನಿ ಕೇಳಿದರೆ ಉಸಿರು ಎಳೆಯುತ್ತಿರುವ ನಾಯಿಯೂ ಬಾಲದ ತುದಿ ಅಲ್ಲಾಡಿಸುತ್ತದೆ. ಅದನ್ನು ಬದುಕುವ ಆಸೆ ಎಂದು ಓದಿಕೊಳ್ಳುವುದು ನಮ್ಮ ಆಸೆ.

ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿಕೊಟ್ಟರು. ಇವತ್ತು ಜಗತ್ತಿನ ಬಹುಪಾಲು ಕಡೆ ಪಶುವೈದ್ಯರು ಅದನ್ನು ಬಲ್ಲರು. ನೋವು, ಹಸಿವು, ದೇಹದಲ್ಲಿ ನೀರಿನಂಶ, ಶುಚಿ, ಖುಷಿ, ಓಡಾಟ, ಕೊನೆಗೆ ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು: ಹೀಗೆ ಏಳು ಬಾಬತ್ತು. ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಒಟ್ಟು 70ಕ್ಕೆ 35 ದಾಟಿದರೆ ಆರೈಕೆ ಮುಂದುವರಿಸಬಹುದು. ಉಸಿರಾಟವನ್ನು ಅವರು ನೋವಿನ ಲೆಕ್ಕಕ್ಕೇ ಸೇರಿಸಿದ್ದಾರೆ, ಅದು ಸರಿಯೂ ಹೌದು. ಉಸಿರು ಸಿಗದೆ ಒದ್ದಾಡುವುದಕ್ಕಿಂತ ದೊಡ್ಡ ನೋವು ಇನ್ನೊಂದಿಲ್ಲ.

ಪರೀಕ್ಷೆಯ ಮಾರ್ಕ್ಸು ನಮ್ಮ ಜನಕ್ಕೆ ಬಲು ಪ್ರಿಯ, ಹಾಗಾಗಿ ಈ ಪಟ್ಟಿ ಕೈಗೆ ಸಿಕ್ಕರೆ 36 ಬರುವ ಹಾಗೆ ಹೇಗೋ ಕೂಡಿಸಿಬಿಡುತ್ತೇವೆ. ಕೂಡಿಕೆಯಲ್ಲೇ ಒಂದು ತೊಡಕೂ ಇದೆ. ಉಸಿರಿಗೆ ಸೊನ್ನೆ, ಉಳಿದ ಆರಕ್ಕೂ ತಲಾ ಏಳು ಕೊಟ್ಟರೆ 42. ಕಾಗದದ ಮೇಲೆ ಪಾಸು, ನಾಯಿಯ ಪಾಲಿಗೆ ನರಕ. ಒಟ್ಟು ಮೊತ್ತಕ್ಕಿಂತ, ವಾರದಿಂದ ವಾರಕ್ಕೆ ಅಂಕ ಯಾವ ಕಡೆ ಜಾರುತ್ತಿದೆ ಎಂದು ನೋಡುವುದರಲ್ಲಿ ಇದರ ಉಪಯೋಗ ಇದೆ. ಮನೆಯ ಇಬ್ಬರು ಒಬ್ಬರಿಗೊಬ್ಬರು ತೋರಿಸದೆ ಅಂಕ ಹಾಕಿದರೆ ಇನ್ನೂ ಒಳ್ಳೆಯದು. ಸಂಜೆ ಏಳಕ್ಕೆ ಆಫೀಸಿನಿಂದ ಬಂದು ತಲೆ ಸವರುವವರು ಕೊಡುವ ಅಂಕಕ್ಕೂ, ಹಗಲಿಡೀ ಬಟ್ಟೆ ಬದಲಿಸಿ ಮೂತ್ರ ಒರೆಸಿದವರು ಕೊಡುವ ಅಂಕಕ್ಕೂ ಬಹಳ ಅಂತರ ಇರುತ್ತದೆ. ನಾನಾದರೆ ಎರಡನೆಯವರನ್ನು ನಂಬುತ್ತೇನೆ.

ಇದಕ್ಕಿಂತ ಸರಳವಾದದ್ದು ಗೋಡೆಯ ಕ್ಯಾಲೆಂಡರ್. ಹಾಲಿನ ಲೆಕ್ಕ ಗುರುತು ಹಾಕುವ ಚೌಕದಲ್ಲೇ ಆ ದಿನ ನಾಯಿಗೆ ಹೇಗಿತ್ತು ಎಂದು ಒಂದು ಗುರುತು: ಚೆನ್ನಾಗಿದ್ದರೆ ಸರಿ ಚಿಹ್ನೆ, ಇಲ್ಲದಿದ್ದರೆ ಗೀಟು. ನೆನಪು ಮೋಸ ಮಾಡುತ್ತದೆ. ಮೊನ್ನೆ ಅರ್ಧ ಗಂಟೆ ಬಿಸಿಲಲ್ಲಿ ಹಾಯಾಗಿ ಮಲಗಿದ್ದು ನೆನಪಿರುತ್ತದೆ, ಅದರ ಹಿಂದುಮುಂದಿನ ಮೂರು ರಾತ್ರಿ ನೆನಪಿರುವುದಿಲ್ಲ. ಗೀಟುಗಳು ಸಾಲಾಗಿ ಕಂಡಾಗ ಮನೆಯವರೆಲ್ಲ ಒಂದೇ ಪುಟ ನೋಡುತ್ತಿರುತ್ತಾರೆ, ವಾದಕ್ಕೆ ಜಾಗ ಕಡಿಮೆ.

ಅದೇ ಕ್ಯಾಲೆಂಡರಿನಲ್ಲಿ ತಿಥಿ, ರಾಹುಕಾಲ, ಹಬ್ಬಗಳೂ ಇವೆ ಎಂಬುದು ಬೇರೆ ಮಾತು. "ವರಮಹಾಲಕ್ಷ್ಮಿ ಮುಗೀಲಿ", "ಗೌರಿ ಗಣೇಶ ಕಳೀಲಿ", "ಪಿತೃಪಕ್ಷದಲ್ಲಿ ಬೇಡ". ಹೀಗೆ ಮುಂದೆ ಮುಂದೆ ತಳ್ಳಿ ದೀಪಾವಳಿಗೆ ತಂದು ನಿಲ್ಲಿಸುತ್ತೇವೆ. ಹೃದಯದ ಕಾಯಿಲೆಯ ನಾಯಿಗೆ ಪಟಾಕಿಯ ಮೂರು ರಾತ್ರಿ ಏನೆಂದು ಕಂಡವರು ಆ ತಪ್ಪನ್ನು ಎರಡನೇ ಸಲ ಮಾಡುವುದಿಲ್ಲ.

ಕಾಯಿಲೆಯ ನಡೆ ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ, ಏಕೆಂದರೆ ಎಲ್ಲ ಕಾಯಿಲೆಯೂ ಒಂದೇ ರೀತಿ ಕೊನೆ ಮುಟ್ಟುವುದಿಲ್ಲ. ಕಿಡ್ನಿ ನಿಧಾನ. ರಕ್ತದಲ್ಲಿ ಕ್ರಿಯಾಟಿನಿನ್ 5 ದಾಟಿದರೆ ನಾಲ್ಕನೆಯ, ಅಂದರೆ ಕೊನೆಯ ಹಂತ. ಚರ್ಮದಡಿ ರಿಂಗರ್ಸ್ ಲ್ಯಾಕ್ಟೇಟ್ ಡ್ರಿಪ್ ಕೊಡುವುದನ್ನು ಕಲಿತು ಮನೆಯಲ್ಲೇ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸಂಭಾಳಿಸಿದವರಿದ್ದಾರೆ. ಹೃದಯದ ಕಾಯಿಲೆಗೆ ಮನೆಯಲ್ಲೇ ಒಂದು ಅಳತೆ ಇದೆ: ನಾಯಿ ಗಾಢ ನಿದ್ದೆಯಲ್ಲಿರುವಾಗ ಎದೆ ಏರಿಳಿಯುವುದನ್ನು ನಿಮಿಷಕ್ಕೆ ಎಷ್ಟೆಂದು ಎಣಿಸುವುದು. 30ರೊಳಗಿದ್ದರೆ ಸರಿ. ದಿನದಿಂದ ದಿನಕ್ಕೆ ಏರುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ದುಗ್ಧಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾಕ್ಕೆ ಹಲವು ಔಷಧಗಳ ಕೀಮೋ ಕೊಡಿಸಿದರೆ ಸಾಮಾನ್ಯವಾಗಿ ವರ್ಷದಷ್ಟು ಕಾಲ ಸಿಗಬಹುದು. ಸ್ಟೆರಾಯ್ಡ್ ಮಾತ್ರ ಕೊಟ್ಟರೆ ಒಂದೆರಡು ತಿಂಗಳು. ಮೂಳೆ ಕ್ಯಾನ್ಸರಿನಲ್ಲಿ ಕಾಲು ತೆಗೆದರೆ ನೋವು ಹೋಗುತ್ತದೆ, ನಾಯಿ ಮೂರು ಕಾಲಲ್ಲಿ ನಾವು ಎಣಿಸುವುದಕ್ಕಿಂತ ಬೇಗ ಓಡಾಡಲು ಕಲಿಯುತ್ತದೆ. ಆದರೆ ಕ್ಯಾನ್ಸರ್ ಅಷ್ಟರಲ್ಲಾಗಲೇ ಶ್ವಾಸಕೋಶದ ದಾರಿ ಹಿಡಿದಿರುತ್ತದೆ.

ಎಲ್ಲಕ್ಕಿಂತ ಕಪಟಿ ಎಂದರೆ ಗುಲ್ಮದ ಹೆಮಾಂಜಿಯೋಸಾರ್ಕೋಮಾ. ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚು. ರಕ್ತನಾಳಗಳ ಈ ಗಡ್ಡೆ ಒಳಗೇ ಒಡೆದು ಹೊಟ್ಟೆಯಲ್ಲಿ ರಕ್ತ ಸೋರುತ್ತದೆ. ನಾಯಿ ಇದ್ದಕ್ಕಿದ್ದಂತೆ ಕುಸಿಯುತ್ತದೆ, ಒಸಡು ಬಿಳುಚುತ್ತದೆ. ಸೋರಿದ ರಕ್ತ ಚೂರು ಚೂರೇ ಮತ್ತೆ ಮೈಗೆ ಸೇರಿ ಮರುದಿನ ಎದ್ದು ನಿಲ್ಲುತ್ತದೆ. "ನೋಡಿ, ಹುಷಾರಾಯ್ತು!" ಎಂಬ ಸಂಭ್ರಮ. ಇದರಲ್ಲಿ ಶಸ್ತ್ರಕ್ರಿಯೆ ಮಾಡಿಸಿದರೂ ಸಿಗುವುದು ಹೆಚ್ಚಿನ ಪಾಲಿಗೆ ಕೆಲವೇ ತಿಂಗಳು. ಇಂಥ ಕಾಯಿಲೆಯಲ್ಲಿ "ಇನ್ನೊಂದು ವಾರ" ಎಂದರೆ ನಡುರಾತ್ರಿ ಎರಡು ಗಂಟೆಗೆ, ತೆರೆದಿರುವ ಆಸ್ಪತ್ರೆ ಹುಡುಕುತ್ತಾ, ಕಾರಿನ ಹಿಂದಿನ ಸೀಟಿನಲ್ಲಿ ಮುಗಿಯುವ ಸಾಧ್ಯತೆಗೆ ಒಪ್ಪಿದಂತೆ. ಹಾಗೆ ಆಗಬಾರದೆಂದರೆ ಚೆನ್ನಾಗಿರುವ ಒಂದು ದಿನದಲ್ಲೇ ಬೀಳ್ಕೊಡಬೇಕು. ಬಾಲ ಆಡಿಸುತ್ತಿರುವ ನಾಯಿಗೆ ಇಂಜೆಕ್ಷನ್ ಕೊಡಿಸುವುದು ಹೇಳಿದಷ್ಟು ಸುಲಭವಲ್ಲ, ಗೊತ್ತು. ನಾನು ಈ ಲೇಖನದಲ್ಲಿ ವಾದಿಸುತ್ತಿರುವುದು ಅದರ ಪರವಾಗಿಯೇ.

ಯಾರು ಒಪ್ಪಬೇಕು?

ಹತ್ತು ವರ್ಷದ ಹಿಂದೆ ಹಠ ಹಿಡಿದು ಮರಿ ತಂದ ಮಗ ಈಗ ಡಾಲಸ್‌ನಲ್ಲೋ ಮ್ಯೂನಿಕ್‌ನಲ್ಲೋ ಇದ್ದಾನೆ. ಜಯನಗರದ ಮನೆಯಲ್ಲಿ ಮೂವತ್ತು ಕೆ.ಜಿ. ತೂಕದ ನಾಯಿಯನ್ನು ಎತ್ತಿ ಕೂರಿಸುವವರು ಎಪ್ಪತ್ತರ ಅಪ್ಪ ಅಮ್ಮ. ವಿಡಿಯೊ ಕಾಲ್‌ನಲ್ಲಿ ನಾಯಿ ಅವನ ದನಿಗೆ ಕಿವಿ ನಿಮಿರಿಸುತ್ತದೆ. "ಅಮ್ಮಾ, ಚೆನ್ನಾಗೇ ಇದಾನಲ್ಲಾ! ನಾನು ಡಿಸೆಂಬರ್‌ಗೆ ಬರ್ತೀನಿ, ಅಲ್ಲಿವರೆಗೂ ಏನೂ ಮಾಡಿಸ್ಬೇಡಿ." ಅಮ್ಮ ಫೋನು ಇಟ್ಟು ಮತ್ತೆ ಬಕೆಟ್ಟು, ಬಟ್ಟೆ ಹಿಡಿಯುತ್ತಾಳೆ. ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳ ಕಥೆ ಇದು. ತಮಾಷೆಯೆಂದರೆ ಆ ಮಗನೇ ಅಮೆರಿಕದಲ್ಲಿ ಸಾಕಿದ ನಾಯಿಗೆ ಇಂಥದೇ ಕಾಯಿಲೆ ಬಂದರೆ ಮನೆಗೆ ಬಂದು ಇಂಜೆಕ್ಷನ್ ಕೊಡುವ ವೈದ್ಯರ ಅಪಾಯಿಂಟ್‌ಮೆಂಟ್ ತಾನೇ ತೆಗೆದುಕೊಳ್ಳುತ್ತಾನೆ, ಅಲ್ಲಿ ಅದು ರೂಢಿಯ ವಿಷಯ. ನನ್ನ ಮಟ್ಟಿಗೆ, ಎತ್ತಿ ಕೂರಿಸುವವರ ಮಾತಿಗೆ ಮೊದಲ ಮಣೆ. ದೂರದವರು ನಾಯಿ ನೀರು ಕುಡಿಯಲು ಪಡುವ ಪಾಡಿನ ವಿಡಿಯೊ ಕೇಳಿ ತರಿಸಿಕೊಳ್ಳಲಿ, ಬಾಲ ಆಡಿಸುವ ವಿಡಿಯೊ ಅಲ್ಲ.

ದುಡ್ಡಿನ ಮಾತನ್ನೂ ಬಾಯಿಬಿಟ್ಟು ಆಡಬೇಕು. ಕೀಮೋ, ಸ್ಕ್ಯಾನ್, ವಾರಕ್ಕೊಮ್ಮೆ ರಕ್ತ ಪರೀಕ್ಷೆ ಸಂಬಳದ ಮನೆಯನ್ನೂ ಅಲ್ಲಾಡಿಸುತ್ತವೆ. "ದುಡ್ಡಿಗೆ ನೋಡಿ ಕೊಂದ್ವಾ?" ಎಂಬ ಕೊರಗು ಇಟ್ಟುಕೊಳ್ಳುವವರಿಗೆ ಹೇಳುವುದಿಷ್ಟು: ವಾಸಿಯಾಗದ ಕಾಯಿಲೆಗೆ ಸಾಲ ಮಾಡಿ ತಂದ ಹದಿನೈದು ದಿನವನ್ನು ನಾಯಿ ಕೇಳಿರಲಿಲ್ಲ.

2022ರಲ್ಲಿ ಬಂದ '777 ಚಾರ್ಲಿ' ನೋಡಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕಣ್ಣೀರು ಹಾಕಿದ್ದು ಎಲ್ಲರಿಗೂ ನೆನಪಿದೆ. ಅವರ ಮನೆಯ ನಾಯಿ ಅದರ ಹಿಂದಿನ ವರ್ಷ ತೀರಿಕೊಂಡಿತ್ತು. ಸಿನಿಮಾದ ನಾಯಕ ಧರ್ಮ ತನ್ನ ಕ್ಯಾನ್ಸರ್ ಪೀಡಿತ ನಾಯಿ ಚಾರ್ಲಿಗೆ ಹಿಮ ತೋರಿಸಲು ಉತ್ತರಕ್ಕೆ ಹೊರಡುತ್ತಾನೆ. ಕನ್ನಡದವರು ನಾಯಿಗಾಗಿ ಥಿಯೇಟರಿನಲ್ಲಿ ಕೂತು ಬಹಿರಂಗವಾಗಿ ಅಳುವುದನ್ನು ಆ ಚಿತ್ರ ಸಲೀಸು ಮಾಡಿತು, ಅದು ಸಣ್ಣ ಉಪಕಾರವಲ್ಲ. ಆದರೆ ಕೊನೆಯ ಪಯಣ ಎಂದರೆ ನಾಲ್ಕು ರಾಜ್ಯ ದಾಟುವುದು ಎಂದುಕೊಂಡವರು, ಕಾಯಿಲೆಯ ನಾಯಿಗೆ ಕಾರಿನ ಕುಲುಕಾಟವೇ ಹಿಂಸೆ ಎಂಬುದನ್ನು ನೆನಪಿಡಬೇಕು. ಅದಕ್ಕೆ ಬೇಕಾದದ್ದು ಬಹುಶಃ ಪರಿಚಿತ ಕಾಂಪೌಂಡಿನ ಬಿಸಿಲು, ಒಂದು ತುಂಡು ಕೋಳಿ, ತೊಂದರೆ ಕೊಡದ ಜನ.

ಆ ಹೊತ್ತು

ಏನು ನಡೆಯುತ್ತದೆಂದು ತಿಳಿಯದೆ ಹೋದವರೇ ಹೆಚ್ಚು ಹೆದರುತ್ತಾರೆ, ಹಾಗಾಗಿ ಹೇಳುತ್ತೇನೆ. ಮೊದಲು ಮಾಂಸಖಂಡಕ್ಕೆ ಮಂಪರಿನ ಇಂಜೆಕ್ಷನ್. ಹತ್ತು ಹದಿನೈದು ನಿಮಿಷದಲ್ಲಿ ನಾಯಿ ತೂಕಡಿಸಿ ಮಲಗುತ್ತದೆ. ಮುಂಗಾಲಿನ ರೋಮ ಸ್ವಲ್ಪ ಬೋಳಿಸಿ ರಕ್ತನಾಳಕ್ಕೆ ಸೂಜಿ ಕೂರಿಸುತ್ತಾರೆ. ಅದರ ಮೂಲಕ ಅರಿವಳಿಕೆಯ ಔಷಧವನ್ನೇ ಮಿತಿಮೀರಿದ ಪ್ರಮಾಣದಲ್ಲಿ ಕೊಡುತ್ತಾರೆ. ಪೆಂಟೋಬಾರ್ಬಿಟಾಲ್ ನಮ್ಮಲ್ಲಿ ಸುಲಭವಾಗಿ ಸಿಗದ್ದರಿಂದ ಹೆಚ್ಚಾಗಿ ಥಯೋಪೆಂಟೋನ್. ಎಚ್ಚರ ತಪ್ಪುತ್ತದೆ, ಉಸಿರು ನಿಲ್ಲುತ್ತದೆ, ಆಮೇಲೆ ಹೃದಯ. ವೈದ್ಯರು ಸ್ಟೆತಾಸ್ಕೋಪ್ ಇಟ್ಟು ಖಚಿತ ಮಾಡಿಕೊಳ್ಳುತ್ತಾರೆ. ಕಣ್ಣು ತೆರೆದೇ ಇರಬಹುದು. ಹೃದಯ ನಿಂತ ಮೇಲೂ ಒಂದೆರಡು ಸಲ ಎದೆ ಎಳೆದಂತೆ ಆಗಬಹುದು, ಮೂತ್ರ ಹೋಗಬಹುದು. ಅದು ನೋವಲ್ಲ, ದೇಹದ ಸ್ನಾಯುಗಳ ಕೊನೆಯ ಪ್ರತಿಕ್ರಿಯೆ. ಮಂಪರು ಕೊಡದೆ ನೇರವಾಗಿ ಮೆಗ್ನೀಷಿಯಂ ಸಲ್ಫೇಟ್ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎಚ್ಚರವಿರುವ ಪ್ರಾಣಿಗೆ ಅದು ಕ್ರೌರ್ಯ. ಯಾವ ಔಷಧ, ಯಾವ ಕ್ರಮ ಎಂದು ಮುಂಚೆಯೇ ಕೇಳಿ, ಕೇಳುವುದು ನಿಮ್ಮ ಹಕ್ಕು. ಬಿಲ್ಲು, ಸಹಿ ಮೊದಲೇ ಮುಗಿಸಿಕೊಳ್ಳಿ. ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಹಸು ಎಮ್ಮೆಗೇ ಪುರಸೊತ್ತಿರುವುದಿಲ್ಲ, ಈ ಔಷಧ ದಾಸ್ತಾನಿರುವುದೂ ಅನುಮಾನ. ಅಲ್ಲಿಯವರು ಒಂದೆರಡು ವಾರ ಮೊದಲೇ ಡಾಕ್ಟರ ಕಿವಿಗೆ ಹಾಕಿಟ್ಟಿರಬೇಕು.

ಪಕ್ಕದಲ್ಲಿ ಇರಬೇಕೇ? ಇರಬೇಕು ಎಂಬುದು ನನ್ನ ಮಾತು. ಮನೆಯವರು ಹೊರಗೆ ಹೋದರೆ ಬಾಗಿಲ ಕಡೆಗೇ ನೋಡುವ ನಾಯಿಗಳ ಬಗ್ಗೆ ವೈದ್ಯರು ಹೇಳಿದ್ದನ್ನು ಕೇಳಿದ ಮೇಲೆ ಬೇರೆ ಉತ್ತರ ಕೊಡಲಾರೆ. ತಡೆದುಕೊಳ್ಳಲು ಆಗದವರು ಮಂಪರು ಬರುವ ತನಕವಾದರೂ ನಿಲ್ಲಲಿ. ಮಕ್ಕಳಿಗೆ "ತೋಟದ ಮನೆಗೆ ಕಳಿಸಿದ್ವಿ" ಎಂಬ ಕಥೆ ಹೇಳಬೇಡಿ. ಅವರು ಒಂದಲ್ಲ ಒಂದು ದಿನ ತೋಟಕ್ಕೆ ಹೋಗೋಣ ಅನ್ನುತ್ತಾರೆ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ, ಎಲ್ಲ ಮುಗಿದ ಮೇಲೆ ಬಂದು ಮೂಸಿ ನೋಡಲು ಬಿಡಿ.

ಅಪ್ಪನನ್ನೋ ಅಮ್ಮನನ್ನೋ ತಿಂಗಳುಗಟ್ಟಲೆ ಐಸಿಯುನಲ್ಲಿ ನೋಡಿ ಬಂದವರು ಈ ಹೊತ್ತಿನಲ್ಲಿ ಬೇರೆಯೇ ಕಾರಣಕ್ಕೆ ಅಳುತ್ತಾರೆ: ಮನುಷ್ಯರಿಗೆ ಈ ದಾರಿ ಇಲ್ಲ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ್ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ನಾಲ್ಕು ದಶಕ ಹಾಸಿಗೆ ಹಿಡಿದು 2015ರಲ್ಲಿ ತೀರಿಕೊಂಡರು. ಅವರ ಮೊಕದ್ದಮೆಯಲ್ಲಿ 2011ರಲ್ಲಿ, ಆಮೇಲೆ ಬೇರೊಂದು ಮೊಕದ್ದಮೆಯಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪುಗಳು ಮನುಷ್ಯರಿಗೆ ಒಪ್ಪಿದ್ದು ಚಿಕಿತ್ಸೆ ಹಿಂತೆಗೆಯುವುದನ್ನು ಮಾತ್ರ. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದರ ಜಾರಿಗೆ ಸುತ್ತೋಲೆ ಹೊರಡಿಸಿತು. ಇಂಜೆಕ್ಷನ್ನಿನ ಮಾತು ಅಲ್ಲಿಲ್ಲ, ಇರಬೇಕೇ ಬೇಡವೇ ಎಂಬುದು ನಾಯಿಯ ನೆವದಲ್ಲಿ ತೀರ್ಮಾನಿಸುವ ವಿಷಯವೂ ಅಲ್ಲ.

ದೇಹದ ವಿಷಯ. ಮಣ್ಣು ಮಾಡುವುದಾದರೆ ಗುಂಡಿ ಆಳವಾಗಿರಲಿ. ಪೆಂಟೋಬಾರ್ಬಿಟಾಲ್‌ನಂಥ ಔಷಧ ದೇಹದಲ್ಲಿ ಉಳಿದಿರುತ್ತದೆ, ಕೆದಕಿ ತಿಂದ ನರಿ, ಹದ್ದು, ಬೇರೆ ನಾಯಿಗಳಿಗೂ ಅದು ವಿಷವೇ. ಅಂಗಳವಿಲ್ಲದ ಅಪಾರ್ಟ್‌ಮೆಂಟಿನವರಿಗೆ ಬೆಂಗಳೂರಿನಲ್ಲಿ ಕೆಂಗೇರಿ ಕಡೆ ಪೀಪಲ್ ಫಾರ್ ಆ್ಯನಿಮಲ್ಸ್ ಸಂಸ್ಥೆಯ ಸಾಕುಪ್ರಾಣಿ ಸ್ಮಶಾನವಿದೆ. ಅಲ್ಲಿನ ಸಣ್ಣ ಸಣ್ಣ ಕಲ್ಲುಗಳ ಮೇಲೆ ಹೆಸರುಗಳಿವೆ. "ನಾಯಿಗೆಲ್ಲ ಇಷ್ಟೊಂದಾ?" ಎಂದು ಮೂಗು ಮುರಿಯುವವರು ಒಮ್ಮೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲನ್ನು ನೋಡಿ ಬರಬೇಕು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಸಿಕ್ಕ, ಕ್ರಿ.ಶ. 950ರ ಆಸುಪಾಸಿನ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರನಿಗೆ ಒಡೆಯ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಂದರ ಜೊತೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತಿತು. ದೇಗುಲದ ಎದುರು ಕಲ್ಲು ನಿಲ್ಲಿಸಿದರು, ಹಂದಿ ನಾಯಿ ಎರಡನ್ನೂ ಕೆತ್ತಿಸಿದರು, ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು.

ಮಣಲೇರನಿಗೆ ಯಾರಿಗೂ ಸಮಜಾಯಿಷಿ ಕೊಡುವ ಪ್ರಸಂಗ ಬರಲಿಲ್ಲ. ಇವತ್ತು ಭಾನುವಾರ ನಾಯಿಯನ್ನು ಮಣ್ಣು ಮಾಡಿ ಬಂದವರು ಸೋಮವಾರ ಬೆಳಿಗ್ಗೆ ಎಚ್‌ಆರ್‌ಗೆ ಕಳಿಸುವ ರಜೆಯ ಮೇಲ್‌ನಲ್ಲಿ 'ಜ್ವರ' ಎಂದು ಬರೆಯುತ್ತಾರೆ.